ಅಂಚು ದಾಟದ ಕಣಗಳು

ನನ್ನ ಗಂಡ ಯಾವುದನ್ನೂ ಬಿಸಾಡುವವರಲ್ಲ. ಕೆಟ್ಟ ಚಾರ್ಜರು, ಹಿಡಿಯಿಲ್ಲದ ಛತ್ರಿ, ಒಂಟಿ ಕಾಲುಚೀಲ, ಎಲ್ಲಕ್ಕೂ ಒಂದೇ ಮಂತ್ರ: "ಇರಲಿ, ಬೇಕಾಗತ್ತೆ." ಮನೆಯಲ್ಲಿ ಹೇಗೋ ಸಹಿಸಿಕೊಂಡೆ. ಆಫೀಸಿನಲ್ಲೂ ಅದೇ ಹಣೆಬರಹವೇ?

ನಾವಿಬ್ಬರೂ ಒಂದೇ ಸಂಸ್ಥೆಯಲ್ಲಿದ್ದೇವೆ. ನಕ್ಷತ್ರಗಳು ಸಿಡಿದಾಗ ಹೊರಟ ಕಾಸ್ಮಿಕ್ ಕಿರಣಗಳು, ಅಂದರೆ ಕಣ್ಣಿಗೆ ಕಾಣದ ಕಣಗಳು, ನಮ್ಮ ಗ್ಯಾಲಕ್ಸಿಯೊಳಗೆ ಹೇಗೆ ದಿಕ್ಕುಗೆಟ್ಟು ಅಲೆಯುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇವೆ. ಪ್ರೋಗ್ರಾಂ ಬರೆಯುವುದು ಅವರು, ಓಡಿಸಿ ಗ್ರಾಫ್ ತೆಗೆಯುವುದು ನಾನು. ಅವರದು ಕಾಯಂ ನೌಕರಿ. ನನ್ನದು ವರ್ಷ ವರ್ಷವೂ ಕೈಮುಗಿದು ಮುಂದುವರಿಸಿಕೊಳ್ಳುವ ಗುತ್ತಿಗೆ. ಈ ಸಲವಂತೂ ಅದು ನಿಂತಿದ್ದೇ ಒಂದು ಗ್ರಾಫಿನ ಮೇಲೆ: ಬೇರೆ ಯಾರ ಲೆಕ್ಕದಲ್ಲೂ ಇಲ್ಲದಷ್ಟು ಹಳೆಯ ಕಣಗಳು ನಮ್ಮ ಲೆಕ್ಕದಲ್ಲಿ ಕಂಡಿದ್ದವು. ಮಧ್ಯಾಹ್ನದ ಸಭೆಯಲ್ಲಿ ವಿಭಾಗದ ಮುಖ್ಯಸ್ಥರು ಅದನ್ನು ಘೋಷಿಸುವವರಿದ್ದರು.

ಬೆಳಿಗ್ಗೆ ಕೊನೆಯದಾಗಿ ಒಮ್ಮೆ ನೋಡೋಣವೆಂದು ಪ್ರೋಗ್ರಾಂ ತೆರೆದೆ. ಗ್ಯಾಲಕ್ಸಿಯ ಅಂಚು ಮುಟ್ಟಿದ ಕಣ ಹೊರಗೆ ಹೋಗಬೇಕು, ಹೋದದ್ದು ವಾಪಸು ಬರಬಾರದು. ಇವರು ಒಂದೊಂದನ್ನೂ ಅಂಚಿನಿಂದ ಒಳಕ್ಕೆ ತಿರುಗಿಸಿ ಕಳಿಸಿದ್ದರು! ಬಡಪಾಯಿಗಳು ಒಳಗೇ ಸುತ್ತಿ ಸುತ್ತಿ ಮುದಿಯಾಗಿದ್ದವು.

"ಏನ್ರೀ ಇದು?"

"ಅಷ್ಟೊಂದು ಕಣ ಸುಮ್ನೆ ಹೋಗ್ತಿತ್ತು ಕಣೇ. ಪರೀಕ್ಷೆ ಮಾಡುವಾಗ ಇರಲಿ ಅಂತ ತಿರುಗಿಸಿದ್ದೆ. ಆಮೇಲೆ ತೆಗೆಯೋದು ಮರೆತೆ."

ತಲೆ ಚಚ್ಚಿಕೊಳ್ಳುವಂತಾಯಿತು. ಅಂಚು ತೆರೆದು ಮತ್ತೆ ಓಡಿಸಿದೆ. ಹಳೆಯ ಕಣಗಳಿಂದ ಗ್ರಾಫಿನಲ್ಲಿ ಎದ್ದಿದ್ದ ಉಬ್ಬು ಮಾಯ. ಉಳಿದದ್ದು ಎಲ್ಲರೂ ಆಗಲೇ ತೋರಿಸಿದ್ದ ಸಪಾಟು ಗೆರೆ. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ, ನಮಗೆ ಅದೂ ಇಲ್ಲ.

"ಸಭೆ ಮುಗೀಲಿ, ನಿನ್ನ ಗುತ್ತಿಗೆ ಆರ್ಡರ್ ಕೈಗೆ ಬರಲಿ, ಆಮೇಲೆ ಹೇಳೋಣ," ಎಂದು ಪಿಸುಗುಟ್ಟಿದರು.

"ಸುಳ್ಳು ಹೇಳಿ ಗಿಟ್ಟಿಸೋ ಕೆಲಸ ನಂಗೆ ಬೇಡ," ಎಂದು ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ಇನ್ನೇನು ತೋರಿಸಿ ನಿಮ್ಮನ್ನ ಉಳಿಸಿಕೊಳ್ಳಲಿ?"

ನಮಸ್ಕಾರ ಹೇಳಿ ಎದ್ದು ಹೊರಗೆ ಬಂದೆ.

ಕಾರಿಡಾರಿನಲ್ಲಿ ಗಂಡ ಕಾಯುತ್ತಿದ್ದರು. ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಹೆಗಲ ಮೇಲೆ ಕೈಯಿಟ್ಟರು.

"ಹೋದ್ರೆ ಹೋಗ್ಲಿ ಬಿಡು. ನಾನಿದೀನಲ್ಲ."

ಆ ಕೈ ಕೊಡವಿದೆ. ಅಷ್ಟು ಹೊತ್ತು ಬರದಿದ್ದ ಅಳು ಆಗ ಬಂತು.

"ಎಲ್ಲೋ ಗ್ಯಾಲಕ್ಸಿ ಅಂಚಲ್ಲಿರೋ ಕಣ ಬಿಡೋಕೆ ಮನಸ್ಸು ಬರಲಿಲ್ಲ ನಿಮಗೆ. ನನ್ನ ಕೆಲಸ ಮಾತ್ರ ಎಷ್ಟು ಸಲೀಸಾಗಿ ಬಿಟ್ಬಿಟ್ರಿ!"