ಮೂರು ಕಾರ್ಡಿನ ರಾಜಶ್ರೀ

೧
ಎಲ್ಲಿಂದ ಸುರು ಮಾಡ್ಲಿ ಹೇಳ್ರಿ? ಫೋನ್ ರಿಂಗಾತು ಅಂತ ಸುರು ಮಾಡಿದ್ರ ಸೀರಿಯಲ್ ಆಕ್ಕೈತಿ. ‘ಬನಹಟ್ಟಿ ಎಂಬ ಊರಿನಲ್ಲಿ’ ಅಂತ ಸುರು ಮಾಡಿದ್ರ ನಾಕನೇತ್ತೆ ಪಾಠ ಆಕ್ಕೈತಿ. ಬರದು ಬರದು ಹರದು ಒಗದೇನಿ. ಖರೇ ಹೇಳ್ತೀನಿ, ನನಗ ಅಂಜಿಕಿ ಬಂದೈತಿ. ಬರಿಯೂ ಅಂಜಿಕಿ ಅಲ್ಲ, ಅದು ರೂಢಿ ಐತಿ. ಈ ಕಥಿಯಾಗಿನ ಹೆಣ್ಣಮಗಳಿಗೆ ಏನಾಕ್ಕೈತೋ ಅನ್ನೂ ಅಂಜಿಕಿ.

ಆಕಿ ಹೆಸರು ರಾಜಶ್ರೀ. ಚಿಮ್ಮಡದಾಗ ಹೈಸ್ಕೂಲ್ ಟೀಚರ್. ಗಂಡ ಸೋಮಲಿಂಗ ಬನಹಟ್ಟಿಯೊಳಗ ಬಾಡಿಗಿ ಮನಿ ಪಡಸಾಲಿಯಾಗ ಪಾವರ್‌ಲೂಮ್ ನಡಸ್ತಾನ. ಅತ್ತಿ ಗುರುಬಸವ್ವ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತತಾಳ, ಮತ್ತ ಮನಿ ರೊಕ್ಕ ಆಕಿ ಕೈಯಾಗ. ಈಗ ಮನಿ ಮಾಲಕ ಶಿದ್ರಾಮಪ್ಪ ಹೇಳಿಬಿಟ್ಟಾನ: “ಮನಿ ಮಾರಾವದೇನಿ. ದೀಪಾವಳಿ ಪಾಡ್ಯಾತನಕ ನೀವ ತಗೊಂಡ್ರ ಛಲೋ ಆತು. ಇಲ್ಲಂದ್ರ ಬ್ಯಾರೆ ಗಿರಾಕಿ ತಯಾರ ಅದಾನ.”

ಮಗ್ಗ ಇದ್ದವರಿಗೆ ಬಾಡಿಗಿ ಮನಿ ಸಿಗೂದು ಅಷ್ಟ ಸಸಾರ ಅಲ್ರಿ. ಗ್ವಾಡಿ ಬಿರಕ ಬಿಡತಾವ, ಸಪ್ಪಳಕ್ಕ ತಲಿ ತಿರಗತೈತಿ ಅಂತ ಬಾಗಲದಾಗ ನಿಂದರಿಸೇ ಕಳಸ್ತಾರ. ಮನಿ ಹೋದ್ರ ಮಗ್ಗ ಹೋತು. ಅದಕ್ಕ ಹೋಮ್ ಲೋನ್ ಬೇಕು. ಲೋನಿಗೆ ಪಗಾರದಾಕಿ ರಾಜಶ್ರೀ ಹೆಸರು ಸ್ವಚ್ಛ ಇರಬೇಕು.

ಸ್ವಚ್ಛ ಇಲ್ಲ.

೨
(ಇಲ್ಲಿ ಓದುಗರು ‘ಯಾಕ ಇಲ್ಲ?’ ಅಂತ ಕೇಳಬೇಕು. ಕೇಳ್ರಿ, ನಾಚಗೋಬ್ಯಾಡ್ರಿ. ನಾನೂ ಕೇಳಿ ಬೈಸಿಕೊಂಡೇನಿ.)

ಹಿಂದಕ ಸೋಮಲಿಂಗನ ಮಗ್ಗದ ಸಾಲಕ್ಕ ರಾಜಶ್ರೀ ಜಾಮೀನು ನಿಂತಿದ್ಲು. ನೇದ ಸೀರಿ ಮಾರಾಟಾಗಲಿಲ್ಲ, ಕಂತು ತಪ್ಪಿದವು. ಆಮ್ಯಾಲೆ ಮೈಮ್ಯಾಗಿನ ಬಂಗಾರ ಮಾರಿ ಎಲ್ಲಾ ತೀರಿಸಿದ್ರು. ಆದ್ರ ಎಲ್ಲಾರ ಸಾಲದ ಲೆಕ್ಕಾ ಇಡೂ ಸಿಬಿಲ್‌ನ್ಯಾಗ ಆಕಿ ಹೆಸರಿಗೆ ಹತ್ತಿದ ಕಲಿ ಹೋಗಲಿಲ್ಲ.

“ತೀರಿಸಿದ ಮ್ಯಾಲೂ ನಾವು ಕಳ್ಳರೇನ್ರಿ ಸರ?” ಅಂತ ನನಗ ಕೇಳಿದ್ಲು, ಸಿಬಿಲ್ ನಾನ ಹುಟ್ಟಿಸೀನಿ ಅನ್ನೂವಂಗ.

ಉತ್ತರಾ ಕೊಡಾಕ ನಾ ಒಬ್ಬ ಪಾತ್ರ ತರಬೇಕಾತು. ಪರಮಾನಂದ, ಜಮಖಂಡಿಯಾಗ ಲೋನ್ ಮಾಡಿಸಿಕೊಡೂ ಏಜಂಟ್. ಅವ ಹೇಳಿದ: “ಅಕ್ಕಾರ, ಬ್ಯಾಂಕಿನ್ಯಾಗ ಎಫ್‌ಡಿ ಇಟ್ಟು ಅದರ ಮ್ಯಾಲೆ ಕ್ರೆಡಿಟ್ ಕಾರ್ಡ್ ತಗೋರಿ. ಒಂದಲ್ಲ, ಮೂರು. ಸ್ವಲ್ಪ ಸ್ವಲ್ಪ ಖರ್ಚು ಮಾಡ್ರಿ, ತಾರೀಖಿನೊಳಗ ಪೂರಾ ಕಟ್ಟರಿ. ನೋಡನೋಡತ ಹೆಸರು ಸುಧಾರಸತೈತಿ.”

(ಸಾಲದಿಂದ ಕೆಟ್ಟ ಹೆಸರು ಮತ್ತ ಸಾಲಾ ಮಾಡಿದ್ರ ಸುಧಾರಸತೈತಿ! ಇದನ್ನ ನಾನ ಹುಟ್ಟಿಸಿ ಬರದಿದ್ರ ‘ಅತೀ ಆತು ಬಿಡ್ರಿ’ ಅಂತಿದ್ರಿ ನೀವು.)

೩
ಇಲ್ಲಿ ಒಂದು ಮಜಾದ ಅಧ್ಯಾಯ ಇತ್ತು. ಕಾರ್ಡ್ ತಿಕ್ಕೂ ಮಷೀನ್ ನಮ್ಮ ಕಡೆ ಎಲ್ಲಾ ಅಂಗಡಿಯಾಗ ಎಲ್ಲಿ ಇತ್ತು? ಜಮಖಂಡಿ ಪೆಟ್ರೋಲ್ ಬಂಕಿನ್ಯಾಗ ಇತ್ತು. ಸ್ಕೂಟಿ ಟಾಕಿ ತುಂಬಿರತೈತಿ, ಆದ್ರೂ ರಾಜಶ್ರೀ ಮತ್ತ ಹೋಗಿ ನಿಂದರ್ತಾಳ, ಒಮ್ಮೆ ಈ ಕಾರ್ಡು, ಒಮ್ಮೆ ಆ ಕಾರ್ಡು. ಬಂಕಿನವ ‘ಟೀಚರ, ಪೆಟ್ರೋಲ್ ಕುಡೀತೀರೇನ್ರಿ?’ ಅಂತಾನ. ಛಲೋ ಬಂದಿತ್ತು. ಆಕಿ ಓದಿ ಹರಿಸಿ ಹಾಕಿದ್ಲು.

“ನಗಸಬ್ಯಾಡ್ರಿ ಸರ. ಮಷೀನ್ ಟೀಂವ್ ಅಂದ್ರ ನನ್ನ ಎದಿ ಧಸಕ್ ಅಂತಿತ್ತು. ಕ್ಲಾಸಿನ್ಯಾಗ ಮೆಸೇಜ್ ಬಂದ್ರ ಬೋರ್ಡಿನ ಮ್ಯಾಲೆ ಏನ್ ಬರಿಯಾಕತ್ತಿದ್ದೆ ಅನ್ನೂದ ಮರೀತಿತ್ತು. ಬರಿಯೂದಿದ್ರ ಅದನ್ನ ಬರೀರಿ.”

ಬರದೆ ನೋಡ್ರಿ. ಮೂರು ಕಾರ್ಡ್ ಮೂರು ಕಡೆ ಇಟ್ಟಿದ್ಲು. ಒಂದ ಕಡೆ ಇಟ್ರ ಕೂಡಿ ಮಾತಾಡಿ ಏನರ ಘಾತ ಮಾಡ್ಯಾವು ಅನ್ನೂವಂಗ. ಗಂಡಗ ಗೊತ್ತಿತ್ತು, ಅತ್ತಿಗೆ ಹೇಳಿರಲಿಲ್ಲ.

೪
ತಾರೀಖ ತಪ್ಪಲಾರದಂಗ ಕಟಗೊಂತ ಬಂದ್ಲು. ಪರಮಾನಂದ ಫೋನ್ ಮಾಡಿ “ಸ್ಕೋರ್ ಏರಾಕತ್ತೈತ್ರಿ ಅಕ್ಕಾರ” ಅಂದ. ಶ್ರಾವಣ ಬಂತು. ಒಂದನೇ ಕಾರ್ಡಿನ ಕಡೀ ದಿನ ಶುಕ್ರವಾರ ಬಿತ್ತು. ಆ ತಿಂಗಳ ಪಗಾರ ನೂಲಿಗೆ ಹೋಗಿತ್ತು. ರೊಕ್ಕ ಇದ್ದದ್ದು ಗುರುಬಸವ್ವನ ಚೀಲದಾಗ.

“ಅತ್ತೀ, ಸ್ವಲ್ಪ ರೊಕ್ಕ ಬೇಕಾಗಿತ್ರಿ. ಇವತ್ತ ಬೇಕು.”

“ಏನ ಬೇ ರಾಜಶ್ರೀ, ಸಾಲಿ ಕಲಸಾಕಿ ನೀ! ಶ್ರಾವಣ ಶುಕ್ರವಾರ ಮನ್ಯಾಗಿನ ಲಕ್ಷ್ಮಿನ್ನ ಹೊರಗ ಕಳಸ್ತಾರೇನ? ನಾಳಿಗೆ ಒಯ್ಯಿ, ಯಾರ ಬ್ಯಾಡಂತಾರ.”

ನಾಳಿಗೆ ಅಂದ್ರ ತಡಾ ಆಕ್ಕಿತ್ತು. ಇಲ್ಲಿ ನಾ ಅತ್ತಿ-ಸೊಸಿ ಜಗಳ ಹಚ್ಚಾವಿದ್ದೆ. ನನ್ನ ಪೆನ್ನ ಹಿಡದು ನಿಂದರಿಸಿದ್ಲು ರಾಜಶ್ರೀ.

“ಅತ್ತಿದೇನೂ ತಪ್ಪಿಲ್ರಿ. ಆಕಿಗೆ ಕೆಟ್ಟಾಕಿ ಮಾಡಿ ಬರದ್ರ ನಾ ಕಥಿ ಬಿಟ್ಟು ಎದ್ದು ಹೋಗ್ತೀನಿ.”

“ಹಂಗಾರ ಏನ್ ಮಾಡಿದಿ ನೀ?”

“ಎರಡನೇ ಕಾರ್ಡ್ ಎಟಿಎಮ್‌ಗೆ ಹಾಕಿ ರೊಕ್ಕ ತಗದೆ, ಒಂದನೇದಕ್ಕ ಕಟ್ಟಿದೆ. ಮನಿ ಲಕ್ಷ್ಮಿ ಮನ್ಯಾಗ ಉಳದ್ಲಲ್ರಿ. ಶನಿವಾರ ಅತ್ತಿ ಕಡಿಂದ ಇಸಕೊಂಡು, ತಗದಷ್ಟ ಎರಡನೇದಕ್ಕ ತುಂಬಿದೆ. ತೀರಿತು ಅನಕೊಂಡೆ.”

ತೀರಿರಲಿಲ್ಲ. ನಮ್ಮ ಕಡೆ ಕೈಗಡ ಅಂದ್ರ ಹಂಗ ನೋಡ್ರಿ. ಬಾಜು ಮನಿಯವರ ಕಡಿಂದ ಎಷ್ಟು ಒಯ್ದಿರತೀವೋ ಅಷ್ಟ ತಿರುಗಿ ಕೊಡೂದು. ಮ್ಯಾಲೆ ನಾಕ ದುಡ್ಡ ಇಡಾಕ ಹೋದ್ರ ‘ನಮ್ಮನ್ನೇನ ಬಡ್ಡಿ ಸಾವಕಾರ ಮಾಡಿದಿರೇನ?’ ಅಂತ ಸಿಟ್ಟ ಮಾಡತಾರ. ಆಕಿ ಕಾರ್ಡಿಗೂ ಹಂಗ ಮಾಡಿದ್ಲು, ಮರ್ಯಾದಿಯಿಂದ. ಕಾರ್ಡಿನಿಂದ ನಗದು ತಗದ್ರ ಅವತ್ತಿಂದನ ಬಡ್ಡಿ, ಮ್ಯಾಲೆ ಫೀ. ಆ ಚಿಲ್ಲರಾ ಉಳೀತು. ಮೆಸೇಜ್ ಬಂದವು, ಅಂಜಿ ತಗದು ನೋಡಲಿಲ್ಲ. ತೀರಿದ್ದಕ್ಕ ಯಾಕ ಬರತಾವ, ಕಾರ್ಡ್ ಮಾರೂ ಮಂದಿ ಇರಬೇಕು ಅಂತ ತನಗ ತಾನ ಹೇಳಕೊಂಡ್ಲು. ಚಿಲ್ಲರಾಕ್ಕ ದಂಡ ಕೂಡ್ತು, ಕಟ್ಟೂ ತಾರೀಖು ದಾಟಿ ಹೋದವು.

ಲೋನಿಗೆ ಅರ್ಜಿ ಹಾಕಿದ ಮ್ಯಾಲೆ ಪರಮಾನಂದ ತಾನ ರಿಪೋರ್ಟ್ ನೋಡಿ ಹೇಳಿದ: “ಅಕ್ಕಾರ, ಇದೊಂದು ಬಾಕಿ ಐತಲ್ರೀ!”

ಅವತ್ತ ಕಟ್ಟಿದ್ಲು. ಆದ್ರ ಕಲಿ ಬಿದ್ದೈತೋ, ಬಿದ್ರ ಎಷ್ಟು ಬಿದ್ದೈತೋ, ಅದನ್ನ ಬ್ಯಾಂಕಿನವರ ನೋಡಿ ಹೇಳಬೇಕು. ಮಗ್ಗದ ಸಪ್ಪಳ ನಿಂತ್ರ ಹೌಹಾರಿ ಏಳತಿದ್ಲು, ಬರೇ ಕರೆಂಟ್ ಹೋಗಿರತಿತ್ತು.

೫
ಮುಗಸೂಣು. ನನ್ನ ಕಡೆ ಮುಕ್ತಾಯದ ಮಾಲು ಭಾಳ ಐತಿ.

ಒಂದು: ಲೋನ್ ಪಾಸಾತು, ಮನಿ ಅವರದ ಆತು, ಪಡಸಾಲಿಯಾಗ ಪೇಢಾ ಹಂಚಿದ್ರು. ಓದುಗರ, ನಿಮಗ ಖುಷಿ ಆತಲ್ಲ? ರಾಜಶ್ರೀ ನಂಬವಲ್ಲಳು. “ಸುಳ್ಳ ಪೇಢಾ ತಿಂದ್ರ ಹೊಟ್ಟಿ ನೋಯ್ತೈತ್ರಿ.”

ಇನ್ನೊಂದು: ಪಾಸಾಗಲಿಲ್ಲ. ಮಗ್ಗದ ನಟ್ಟು ಬಿಚ್ಚಾಕತ್ತಾರ, ಗುರುಬಸವ್ವ ಹೊಸ್ತಲದಾಗ ನಿಂತಾಳ… ಇದನ್ನ ಅರ್ಧಾ ಬರದಿದ್ದೆ, ಆಕಿ ಬಿಕ್ಕಿ ಬಿಕ್ಕಿ ಅಳಾಕತ್ಲು. “ತಾ ಶುಕ್ರವಾರ ರೊಕ್ಕ ಕೊಡಲಿಲ್ಲಂತ ಹಿಂಗಾತು ಅಂತ ತಿಳೀತಂದ್ರ ಅತ್ತಿ ಜೀವಾ ಇಡೂದಿಲ್ರಿ. ಅದನ್ನ ಬರೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.” ಅಳಸಿದೆ. ನೀವೂ ಮರತಬಿಡ್ರಿ.

ಮತ್ತೊಂದು: ಶಿದ್ರಾಮಪ್ಪ ಮನಸ್ಸ ಕರಗಿ ಇನ್ನೊಂದು ವರ್ಷ ವಾಯಿದೆ ಕೊಟ್ಟ. ಇದಕ್ಕ ನಾವಿಬ್ಬರೂ ಕೂಡೇ ನಕ್ಕಿವಿ. ಆಕಿ ನಕ್ಕದ್ದು ಅದೊಂದ ಸಲ.

೬
ಆದ್ರ ಕಥಿ ನನ್ನ ಕೇಳಲಾರದ ಮುಂದ ಹೋಗೇತಿ. ದೀಪಾವಳಿ ಹತ್ರ ಬಂದೈತಿ. ಜಮಖಂಡಿ ಬ್ಯಾಂಕಿಂದ ಫೋನ್ ಬಂತು, ಬರ್ರಿ ಅಂದ್ರು, ಏನೂ ಹೇಳಲಿಲ್ಲ. ರಾಜಶ್ರೀ ಸಾಲಿಗೆ ರಜಾ ಹಾಕಿ ಒಬ್ಬಾಕಿನ ಬಂದಾಳ. ಸೋಮಲಿಂಗಗ ಬರಾಕ ಧೈರ್ಯ ಆಗಲಿಲ್ಲ.

ಮ್ಯಾನೇಜರ್ ಕಂಪ್ಯೂಟರ್ ನೋಡ್ತಾರ. ಆಕಿನ್ನ ನೋಡ್ತಾರ. ಕನ್ನಡಕ ತಗದು ಟೇಬಲ್ ಮ್ಯಾಲೆ ಇಡತಾರ.

“ಕುಂದರ್ರಿ ಟೀಚರ,” ಅಂತಾರ.

ಕೆಟ್ಟ ಸುದ್ದಿ ಹೇಳೂ ಮೊದಲೂ ಕುಂದರ್ರಿ ಅಂತಾರ. ಸಹಿ ಮಾಡಸೂ ಮೊದಲೂ ಕುಂದರ್ರಿ ಅಂತಾರ. ಯಾವದು ಅಂತ ನನಗ ಗೊತ್ತಿಲ್ಲ, ಆಣಿ ಮಾಡಿ ಹೇಳ್ತೀನಿ. ಗೊತ್ತು ಮಾಡ್ಕೊಳ್ಳೂ ಧೈರ್ಯನೂ ಇಲ್ಲ. ಆಕಿ ನನ್ನ ಕಡೆ ತಿರುಗಿ ನೋಡ್ತಾಳ. ನಾ ಬರೀತೀನಿ: ಆಕಿ ಕುಂದರಲಿಲ್ಲ.

ಆಕಿ ನಿಂತಿರೂತನಕ ಆ ಮನಿ ಅವರ ಕೈಬಿಟ್ಟಿಲ್ಲ.

“ಸರ, ಕಾಲು ನಡಗಾಕತ್ತಾವ್ರಿ.”

“ನಿಲ್ಲ ತಂಗಿ, ಇನ್ನೊಂದೀಟ ನಿಲ್ಲ.”