ನನ್ನ ಸಿಸಿ ಎಷ್ಟೆಂದು ಕೇಳಬೇಡಿ

ನಾನು ಕರೆಂಟಿನ ಮೇಲೆ ಓಡುವ ಒಂದು ಬಿಳಿ ಕಾರು. ಹೊಟ್ಟೆಗೆ ಪೆಟ್ರೋಲಿಲ್ಲ, ಹಿಂದೆ ಹೊಗೆಯಿಲ್ಲ. ನನ್ನನ್ನು ಕಟ್ಟಿದವರು ಚಕ್ರ ಕೊಟ್ಟರು, ಬ್ಯಾಟರಿ ಕೊಟ್ಟರು, ಮೋಟಾರು ಕೊಟ್ಟರು. ಎಂಜಿನ್ ಕೊಡಲಿಲ್ಲ. ಬೇಕಾಗಿರಲೂ ಇಲ್ಲ. ಅದೊಂದು ಇಲ್ಲದ್ದೇ ನನ್ನ ಹಣೆಬರಹ ಕೆಡಿಸಿತು.

ಹುಬ್ಬಳ್ಳಿಯ ಒಂದು ಪಂಪ್‌ಸೆಟ್ ಕಂಪನಿ ನನ್ನನ್ನು ಕೊಂಡು, ಮಾರಾಟದ ಮ್ಯಾನೇಜರ್ ವನಮಾಲಾ ಕಬ್ಬೂರ ಅವರಿಗೆ ಓಡಾಡಲು ಕೊಟ್ಟಿತು. ಹಗಲು ಆಫೀಸಿನ ಕೆಲಸ. ಸಂಜೆ ಅವರ ತಾಯಿ ನೀಲವ್ವನನ್ನು ಮೊಣಕಾಲಿನ ಚಿಕಿತ್ಸೆಗೆ ಧಾರವಾಡಕ್ಕೆ ಕರೆದೊಯ್ಯುತ್ತಿದ್ದೆ. ಬಸ್ಸು ಹತ್ತಲಾಗದ ಅಜ್ಜಿ ನನ್ನೊಳಗೆ ಸಲೀಸಾಗಿ ಕೂರುತ್ತಿದ್ದಳು. "ಮನ್ಯಾಗಿನ ಹೊರಸಿನ ಮ್ಯಾಲ ಕುಂತಂಗ ಆಗತೈತಿ ನೋಡವಾ," ಎನ್ನುತ್ತಿದ್ದಳು. ಬರುಬರುತ್ತಾ ಕೋಲು ಬಿಟ್ಟು ನಡೆಯತೊಡಗಿದಳು. ನನಗೂ ಹೆಮ್ಮೆಯಾಯಿತು.

ಅಷ್ಟರಲ್ಲಿ ಲೆಕ್ಕಪತ್ರ ವಿಭಾಗದ ಶೇಷಗಿರಿಯವರು ವಕ್ಕರಿಸಿದರು. ಕಂಪನಿಯ ಕಾರನ್ನು ಮನೆಗೂ ಬಳಸಿದರೆ ಅದೂ ಸಂಬಳದಂಥ ಸವಲತ್ತೇ, ಅದಕ್ಕೆ ತೆರಿಗೆ ಬೀಳುತ್ತದೆ. ಬೀಳಲಿ, ಬೇಡವೆಂದವರು ಯಾರು? ಆದರೆ ಎಷ್ಟು ಬೀಳಬೇಕೆಂದು ಹೇಳಲು ಅವರ ಕಂಪ್ಯೂಟರಿಗೆ ನನ್ನ ಎಂಜಿನ್ ಎಷ್ಟು ಸಿಸಿ ಎಂದು ತಿಳಿಯಬೇಕಂತೆ. ಪುಣ್ಯಾತ್ಮ ಆಫೀಸಿನ ಅಂಗಳಕ್ಕೇ ಬಂದು, ನನ್ನ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಹುಡುಕಿದರು.

"ಎಂಜಿನ್ ಎಲ್ಲೈತ್ರಿ ಮೇಡಂ?"

"ಇಲ್ಲರಿ. ಇದು ಕರೆಂಟಿನ ಗಾಡಿ."

"ಸೊನ್ನಿ ಹಾಕಿದ್ರ ಕಂಪ್ಯೂಟರ್ ತಗೊಳವಲ್ದು. ದೊಡ್ಡ ಎಂಜಿನ್ ಅಂತ ಬರದಬಿಡ್ತೀನಿ."

ಇಲ್ಲದ ಎಂಜಿನ್ನಿಗೆ ತೆರಿಗೆ! ಅದೂ ದೊಡ್ಡ ಎಂಜಿನ್ನಿನ ಹೆಚ್ಚಿನ ದರದಲ್ಲಿ! ಯಾರ ಮುಂದೆ ಹೇಳಿಕೊಳ್ಳಲಿ?

ಅದು ಸಾಲದೆಂದು ಕರೆಂಟಿನ ತಕರಾರು. ಪೆಟ್ರೋಲಾದರೆ ಬಂಕಿನವರು ಚೀಟಿ ಕೊಡುತ್ತಾರೆ. ವನಮಾಲಾ ನನ್ನನ್ನು ಮನೆಯ ಪ್ಲಗ್ಗಿನಲ್ಲೇ ಚಾರ್ಜ್ ಮಾಡಿ, ಮನೆಯ ಬಿಲ್ಲನ್ನೇ ಆಫೀಸಿಗೆ ಕೊಟ್ಟಿದ್ದರು.

"ಇದರಾಗ ಮಿಕ್ಸರ್ ಎಷ್ಟು ತಿಂತು, ಕಾರ್ ಎಷ್ಟು ತಿಂತು, ಹೆಂಗ ತಿಳೀಬೇಕ್ರಿ?" ಎಂದರು ಶೇಷಗಿರಿ. "ಈ ರೊಕ್ಕಾನೂ ನಿಮ್ಮ ಸಂಬಳಕ್ಕ ಸೇರಸ್ತೀನಿ. ಅದಕ್ಕೂ ತೆರಿಗಿ ಹಿಡೀತಾರ."

ವನಮಾಲಾ ಹೇಳಿ ಹೇಳಿ ಸೋತರು. ಕೊನೆಗೆ ದೊಡ್ಡ ಸಾಹೇಬರು, "ಅವರಿಗೆ ಡೀಸೆಲ್ ಗಾಡಿ ಕೊಟ್ಟಬಿಡ್ರಿ, ತಲಿಬ್ಯಾನಿ ತಪ್ಪತೈತಿ," ಎಂದರು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು.

ಈಗ ಗೋದಾಮಿನ ಮೂಲೆಯೇ ನನ್ನ ಮನೆ. ಬ್ಯಾಟರಿ ಸಾಯದಿರಲೆಂದು ಕಾವಲುಗಾರ ಆಗಾಗ ನನ್ನನ್ನು ಕಂಪನಿಯ ಪ್ಲಗ್ಗಿಗೆ ಸಿಕ್ಕಿಸುತ್ತಾನೆ. ಎಲ್ಲಿಗೂ ಹೋಗದ ಕಾರಿನ ಕರೆಂಟು ಯಾರ ಲೆಕ್ಕಕ್ಕೆ ಎಂದು ಶೇಷಗಿರಿಯವರು ಒಂದು ದಿನವೂ ಕೇಳಿಲ್ಲ.

ಗಾಡಿ ಬದಲಾದ ಮೇಲೆ ನೀಲವ್ವನ ಚಿಕಿತ್ಸೆ ತಪ್ಪಿತ್ತು. ಮೊನ್ನೆ ಆಟೋದಲ್ಲಿ ಕಂಪನಿಯ ಗೇಟಿನವರೆಗೆ ಬಂದಳು. ಅಲ್ಲಿಂದ ಮಗಳ ಜೊತೆ ಧಾರವಾಡಕ್ಕೆ ಹೋಗಬೇಕಿತ್ತು. ಕೈಯಲ್ಲಿ ಮತ್ತೆ ಕೋಲು. ಡೀಸೆಲ್ ಗಾಡಿಯ ಎತ್ತರದ ಮೆಟ್ಟಿಲಿಗೆ ಒಂದು ಕಾಲಿಟ್ಟಳು, ಇನ್ನೊಂದು ಮೇಲೇಳಲಿಲ್ಲ. ಮಗಳು ಸೊಂಟ ಹಿಡಿದು ಎತ್ತಿದರೂ ಆಗಲಿಲ್ಲ. ಆಗ ಗೋದಾಮಿನ ತೆರೆದ ಬಾಗಿಲಲ್ಲಿ ನಾನು ಅವಳಿಗೆ ಕಂಡೆ.

"ನಮ್ಮ ಗಾಡಿ ಅಲ್ಲೇ ಐತಲ್ಲವಾ. ಅದರಾಗ ಹೋಗೂಣು," ಎಂದಳು.

ವನಮಾಲಾ ತಾಯಿಯನ್ನು ಮನೆಗೆ ವಾಪಸ್ ಬಿಡಲು ಅದೇ ಆಟೋವನ್ನು ಕರೆದರು. ಅವತ್ತು ನನ್ನ ಬ್ಯಾಟರಿ ಪೂರ್ತಿ ತುಂಬಿತ್ತು.