ಗುಂಡಿಯಿಲ್ಲದ ಕೋಟು

ಅಪ್ಪನ ಕೋಟಿನ ಎದೆಯ ಮೇಲೆ ಕೈಯಾಡಿಸುತ್ತಿದ್ದ ಮಗಳು ಹಾಗೇ ನಿಂತುಬಿಟ್ಟಳು. ಗುಂಡಿ ಇಲ್ಲ. ಗುಂಡಿ ಹಾಳಾಗಲಿ, ಗುಂಡಿ ತೂರಿಸುವುದಕ್ಕೆ ಕಾಜವೂ ಇಲ್ಲ. ನಲವತ್ತೆಂಟು ವರ್ಷ ಊರ ಮದುಮಕ್ಕಳಿಗೆಲ್ಲ ಕೋಟು ಹೊಲಿದ ಮನುಷ್ಯ, ಮಣ್ಣಿಗೆ ಹೋಗುವಾಗ ಹಾಕಿ ಎಂದು ತಾವೇ ಹೊಲಿದಿಟ್ಟ ಕರಿ ಕೋಟನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದರು. ಪೆಟ್ಟಿಗೆ ಬಂದು ಬಾಗಿಲಲ್ಲಿ ಕೂತಿತ್ತು. ಪಾಸ್ಟರ್ ಎರಡು ಸಲ ಗಡಿಯಾರ ನೋಡಿಯಾಗಿತ್ತು. ಹನ್ನೊಂದಕ್ಕೆ ಚರ್ಚು, ಹನ್ನೆರಡಕ್ಕೆ ಮಣ್ಣು, ಈಗ ಒಂಬತ್ತೂವರೆ.

"ಎರಡು ಪಿನ್ನು ಚುಚ್ಚೋಣ ಬಿಡಕ್ಕ," ಎಂದ ತಮ್ಮ. ಅವನು ಬಸ್ ಓಡಿಸುವವನು. ಹೊತ್ತು ಐದು ನಿಮಿಷ ಮೀರಿದರೂ ಅವನಿಗೆ ಕೂತಲ್ಲಿ ಕೂರಲಾಗುವುದಿಲ್ಲ.

"ಟೈಲರಿಗೆ ಪಿನ್ನಾ? ಜನ ಏನಂತಾರೆ?"

"ಏನಂತಾರೆ? 'ಆಮೇಲೆ ಮಾಸ್ಟರು' ಕೊನೇವರೆಗೂ ಆಮೇಲೆ ಅಂತಾನೇ ಹೋದ್ರು ಅಂತಾರೆ."

ಬೀದಿಯವರು ಆ ಅಡ್ಡಹೆಸರು ಇಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಿರಾಕಿಗಳ ಬಟ್ಟೆ ಮೊದಲು, ಮನೆಯವರದು ಆಮೇಲೆ, ತಮ್ಮದು ಅದಕ್ಕೂ ಆಮೇಲೆ. ಇದು ಹೊಲಿಗೆಗೆ ಮಾತ್ರ ಇದ್ದಿದ್ದರೆ ಹೇಗೋ ಏಗಬಹುದಿತ್ತು. ಪ್ರಾರ್ಥನೆಗೂ ಅದೇ ಅಳತೆ. "ನಿನ್ನ ಚಿತ್ತ ಮೊದಲು, ನಮ್ಮದು ಆಮೇಲೆ" ಎಂದು ಶುರುಮಾಡಿದರೆ ಮುಗಿಯಿತು, ಆ 'ನಮ್ಮದು' ಬರುವಷ್ಟರಲ್ಲಿ ತಟ್ಟೆಯ ಅನ್ನ ಆರಿ ಅಕ್ಕಿಯಾಗುತ್ತಿತ್ತು. ಎಷ್ಟೋ ದಿನ ಅದು ಬರುತ್ತಲೇ ಇರಲಿಲ್ಲ, ನೇರ ಆಮೆನ್. ಸೂರು ಸೋರಿದರೂ ಮೊದಲು ದೇವರ ಚಿತ್ತ. ಬಕೆಟ್ ತಂದಿಡುವುದು ಅಮ್ಮನ ಪಾಲು. ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಸಾಯುವ ವಾರವೂ ಅವಳು, ಈ ಮನುಷ್ಯ ದೇವರ ಹತ್ತಿರವೂ ಸಂಕೋಚ ಪಟ್ಟುಕೊಳ್ಳುತ್ತಾನಲ್ಲ ಎಂದು ಗೊಣಗಿದ್ದಳು.

ಅಷ್ಟರಲ್ಲಿ ಪಾಸ್ಟರ್ ಒಳಗೆ ಬಂದು ಕೋಟಿನ ಸಂಗತಿ ಕೇಳಿ, ಕಾಜಕ್ಕನಿಗೆ ಹೇಳಿಕಳಿಸಿ ಎಂದರು. ಅಪ್ಪನ ಅಂಗಡಿಯಲ್ಲಿ ಕಾಜ ಹಾಕುವುದರಲ್ಲೇ ಕೂದಲು ಬೆಳ್ಳಗಾದ ಕಾಜಕ್ಕ ಮೂರು ಮನೆಯಾಚೆ ಇದ್ದಳು, ತಮ್ಮ ಓಡಿದ. ಪಾಸ್ಟರ್ ಮಾತ್ರ ಹೋಗಲಿಲ್ಲ. ಜೇಬಿನಿಂದ ಮಡಿಚಿದ ಚೀಟಿಯೊಂದನ್ನು ತೆಗೆದರು. ಮಾಸ್ಟರು ಹೋದ ತಿಂಗಳು ಬರೆದುಕೊಟ್ಟದ್ದು. ಸಮಾಧಿಯ ಹತ್ತಿರ ಮಗಳೇ ಪ್ರಾರ್ಥನೆ ಮಾಡಬೇಕು, ಮನೆಯಲ್ಲಿ ಮಾಡುತ್ತಿದ್ದ ಹಾಗೇ ಮಾಡಬೇಕು ಎಂದಿತ್ತು.

"ಮನೇಲಿ ಮಾಡ್ತಿದ್ದ ಹಾಗೇ ಅಂದ್ರೆ ಯಾವುದು ಅಂತ ನಿಮಗೆ ಗೊತ್ತಲ್ಲಮ್ಮ," ಎಂದರು.

"ಗೊತ್ತು. ಅದಕ್ಕೇ ಆಗಲ್ಲ ಅಂತಿದ್ದೀನಿ," ಎಂದಳು ಮಗಳು. "ಮೂವತ್ತನಾಲ್ಕು ವರ್ಷದಿಂದ ಈ ಕಾಲು ಎಳ್ಕೊಂಡು ಓಡಾಡ್ತಿದ್ದೀನಿ ಪಾಸ್ಟರ್. ಬೇರೆ ಏನು ಬೇಕಾದ್ರೂ ಹೇಳ್ತೀನಿ. ಆ ಮಾತು ನನ್ನ ಬಾಯಿಂದ ಹೊರಡಲ್ಲ."

ಪಾಸ್ಟರ್ ಚೀಟಿಯನ್ನು ಮೇಜಿನ ಮೇಲೆ ಕತ್ತರಿಯ ಕೆಳಗೆ ಇಟ್ಟು ಹೊರಗೆ ಹೋದರು. ಸತ್ತ ಮೇಲೂ ಅಪ್ಪ ತನ್ನ ಹಟ ಬಿಡಲಿಲ್ಲವಲ್ಲ ಎಂದು ಮಗಳಿಗೆ ಮೈಯೆಲ್ಲ ಉರಿದುಹೋಯಿತು.

* * *

ಅವಳಿಗಾಗ ಒಂಬತ್ತು ವರ್ಷ. ಸೊಂಟದ ಕೀಲಿನಲ್ಲಿ ಕೀವು ತುಂಬಿ, ಜ್ವರ ಇಳಿಯದೆ ಆಸ್ಪತ್ರೆ ಸೇರಿದ್ದಳು. ಹಸಿರು ಬಣ್ಣ ಬಳಿದ ಕಬ್ಬಿಣದ ಮಂಚ, ಕಾಲಿಗೆ ಕಟ್ಟಿ ತೂಗುಬಿಟ್ಟ ಮರಳಿನ ಚೀಲ. ಪಕ್ಕದ ಮಂಚದ ಹುಡುಗಿಯ ಅಪ್ಪ ದಿನಾ ಬಂದು ನೆಲಕ್ಕೆ ಹಣೆ ಹಚ್ಚಿ, ನನ್ನ ಮಗಳನ್ನು ಉಳಿಸು ಎಂದು ಗೋಳಾಡುತ್ತಿದ್ದ. ಇವಳ ಅಪ್ಪ ಬೆಳಿಗ್ಗೆ ಬಂದು, ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಮಂಚದ ಪಕ್ಕ ಮಂಡಿಯೂರಿ, "ನಿನ್ನ ಚಿತ್ತ ಮೊದಲು" ಎಂದು ಶುರುಮಾಡುತ್ತಿದ್ದರು.

"ಅಪ್ಪಾ, ನನ್ನ ಕಾಲು ಕೇಳು," ಎಂದಿದ್ದಳು ಅವಳು.

"ಕೇಳೋಣ ಮಗಳೇ. ಆಮೇಲೆ."

ಆಪರೇಷನ್ ಆಯಿತು. ಜೀವ ಉಳಿಯಿತು, ಎಡಗಾಲು ಗಿಡ್ಡವಾಯಿತು. ಪಕ್ಕದ ಮಂಚದ ಹುಡುಗಿ ಕುಣಿಯುತ್ತಾ ಮನೆಗೆ ಹೋದಳು. ಒಂಬತ್ತು ವರ್ಷದ ಮಗುವಿನ ಲೆಕ್ಕ ಸರಳ: ಅವಳ ಅಪ್ಪ ಕೇಳಿದ, ಸಿಕ್ಕಿತು, ನನ್ನ ಅಪ್ಪ ಕೇಳಲಿಲ್ಲ, ಸಿಗಲಿಲ್ಲ. ದೊಡ್ಡವಳಾಗಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಡಾಕ್ಟರ ಸಾವಿರ ಚೀಟಿ ಓದಿದ ಮೇಲೂ ಆ ಲೆಕ್ಕ ಬದಲಾಗಲಿಲ್ಲ. ಚರ್ಚು ಬಿಡಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ. ಅಪ್ಪನ ಜೊತೆ ಮಂಡಿಯೂರುವುದನ್ನು ಮಾತ್ರ ಬಿಟ್ಟಳು. ಮಾಸ್ಟರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಪ್ರತಿ ವರ್ಷ ಅವಳಿಗೆ ಎರಡು ಸ್ಕರ್ಟ್ ಹೊಲಿಯುತ್ತಿದ್ದರು. ನಿಂತಾಗ ಅಂಚು ಸಮವಾಗಿ ಕಾಣಲೆಂದು ಎಡಬದಿಯನ್ನು ಎರಡು ಬೆರಳು ಗಿಡ್ಡ ಮಾಡಿ ಹೊಲಿಯುತ್ತಿದ್ದರು. ಕೇಳಬೇಕಾದಾಗ ಕೇಳದೆ, ಈಗ ಅಂಚು ಸರಿಮಾಡುತ್ತಾನೆ ಎಂದು ಅವಳು ಹಲ್ಲು ಕಚ್ಚಿಕೊಂಡೇ ಅದನ್ನು ಉಡುತ್ತಿದ್ದಳು. ಇವತ್ತು ಉಟ್ಟದ್ದೂ ಅಂಥದ್ದೇ.

* * *

ಕಾಜಕ್ಕ ಬೈಯುತ್ತಲೇ ಬಂದಳು. ಕೋಟು ಕೊಡಿ, ನಾನೇ ಮುಗಿಸುತ್ತೇನೆ ಎಂದು ಎರಡು ವರ್ಷದಿಂದ ಹೇಳಿದರೂ ಮಾಸ್ಟರು ಕೊಡಲಿಲ್ಲವಂತೆ, ಯಾರದೋ ಮದುವೆಯ ಬಟ್ಟೆ ಮುಗಿಯಲಿ ಎನ್ನುತ್ತಿದ್ದರಂತೆ, ಈ ವಯಸ್ಸಲ್ಲಿ ಈ ಕಣ್ಣಲ್ಲಿ ಕರಿ ಬಟ್ಟೆಗೆ ಕರಿ ದಾರ, ಯಾರಿಗೆ ಬೇಕು ಈ ಪಾಡು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಕಿಟಕಿಯ ಬಳಿ ಕೂತು ಕೋಟನ್ನು ತೊಡೆಯ ಮೇಲೆ ಹರವಿಕೊಂಡು, ಕಾಜ ನಾನು ನೋಡ್ಕೋತೀನಿ, ನೀನು ಮೂರು ಗುಂಡಿ ಹುಡುಕು ಎಂದಳು.

ಗುಂಡಿಯ ಡಬ್ಬಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇರಲಿಲ್ಲ. ಇದ್ದದ್ದು ಕಪಾಟಿನ ತಳದಲ್ಲಿ, ಹಳೆ ಪೇಪರಿನ ಕಟ್ಟಿನ ಕೆಳಗೆ. ಅದನ್ನು ಎಳೆದಾಗ ಜೊತೆಗೇ ನೀಲಿ ಬಟ್ಟೆಯ ಮಡಿಕೆಯೊಂದು ಬಂತು. ದಪ್ಪ, ಗಂಜಿ ಹಾಕಿದ ಸ್ಕೂಲ್ ಸ್ಕರ್ಟಿನ ಬಟ್ಟೆ. ಬಿಡಿಸಿ ನೋಡಿದರೆ ಅಂಚಿನಿಂದ ಅಂಚಿಗೆ ಸೂಜಿಯ ತೂತು, ಸಾಲಿನ ಮೇಲೆ ಸಾಲು, ಜರಡಿಯಂತೆ. ಹೊಲಿಗೆ ಇದೆ, ದಾರವೇ ಇಲ್ಲ.

"ಇದೇನು ಕಾಜಕ್ಕ? ದಾರ ಇಲ್ಲದೆ ಹೊಲಿಯೋಷ್ಟು ಮರೆವು ಬಂದಿತ್ತಾ ಅಪ್ಪಂಗೆ?"

ಕಾಜಕ್ಕನ ಸೂಜಿ ನಿಂತಿತು.

"ಇದನ್ನ ಇನ್ನೂ ಇಟ್ಕೊಂಡಿದ್ರಾ," ಎಂದಳು. "ನಿಂದೇ ಕಣೇ ಅದು. ನೀನು ಆಸ್ಪತ್ರೇಲಿ ಮಲಗಿದ್ಯಲ್ಲ, ಆಗಿಂದು. ಬೆಳಿಗ್ಗೆ ನಿನ್ನ ಹತ್ರ ಬಂದು ಹೋಗ್ತಿದ್ರಲ್ಲ, ಅಲ್ಲಿಂದ ನೇರ ಇಲ್ಲಿಗೆ ಬಂದು ಯಂತ್ರ ತುಳಿಯೋರು. ದಾರ ತೀರಿಹೋಗಿದ್ದೂ ಗೊತ್ತಿಲ್ಲ. ಮಾಸ್ಟ್ರೇ ದಾರ ಇಲ್ಲ ಅಂದೆ, ಕಿವಿಗೇ ಹಾಕ್ಕೊಳ್ಳಲಿಲ್ಲ. ತುಳೀತಾ ತುಳೀತಾ, ಕಾಲು ಕೊಡು, ನನ್ನ ಕೂಸಿಗೆ ಕಾಲು ಕೊಡು. ಅಷ್ಟೇ ಮಾತು."

"ಅಪ್ಪನಾ? ನಿನ್ನ ಚಿತ್ತ ಅನ್ನಲಿಲ್ವಾ?"

"ಚಿತ್ತವೂ ಇಲ್ಲ, ಮಣ್ಣೂ ಇಲ್ಲ. ನಾಲ್ಕು ದಿನ ದೇವರ ಜೊತೆ ಜಗಳ ಆಡಿದ್ರು, ಪಕ್ಕದ ಮನೆಯವನ ಜೊತೆ ಆಡೋ ಹಾಗೆ. ಕಾಲು ಗಿಡ್ಡ ಆಗುತ್ತೆ ಅಂತ ಡಾಕ್ಟ್ರು ಹೇಳಿದ ದಿನ ಬಂದು ಸುಮ್ಮನೆ ಕೂತ್ರು. ಮಧ್ಯಾಹ್ನದವರೆಗೂ ಕೂತಿದ್ರು. ಆಮೇಲೆ, ಸರಿ, ನಿನ್ನ ಚಿತ್ತ ಅಂದ್ರು. ಯಂತ್ರಕ್ಕೆ ದಾರ ಪೋಣಿಸ್ಕೊಂಡ್ರು."

"ಇಷ್ಟು ವರ್ಷ ನನಗೆ ಯಾಕೆ ಯಾರೂ ಹೇಳಲಿಲ್ಲ?"

"ಮಾತು ತಗೊಂಡಿದ್ರು." ಕಾಜಕ್ಕ ಸೂಜಿಯನ್ನು ಮತ್ತೆ ಬಟ್ಟೆಗೆ ಇಳಿಸಿದಳು. "ನಾನು ಕೇಳ್ದೆ, ದೇವರು ಕೊಡಲಿಲ್ಲ ಅಂತ ಗೊತ್ತಾದ್ರೆ ಅವಳು ಆತನ ಮೇಲೆ ಮುನಿಸ್ಕೋತಾಳೆ, ಆಮೇಲೆ ಕಷ್ಟ ಬಂದಾಗ ಯಾರ ಹತ್ರ ಹೋಗ್ತಾಳೆ? ಸಿಟ್ಟು ನನ್ನ ಮೇಲೇ ಇರಲಿ ಅಂದ್ರು. ಇನ್ನು ಅವರೇ ಹೋದ ಮೇಲೆ ನನಗ್ಯಾಕೆ ಆ ಮಾತಿನ ಹೊರೆ?"

ಮಗಳು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳಿಗೆ ಅಳು ಬರಲಿಲ್ಲ, ಬಂದದ್ದು ತಡೆಯಲಾರದ ಸಿಟ್ಟು. ಒಳಗಿನ ಕೋಣೆಗೆ ಹೋಗಿ, ಬನಿಯನ್ನಿನಲ್ಲಿ ಮಲಗಿದ್ದ ಅಪ್ಪನ ತಲೆಯ ಬಳಿ ನಿಂತಳು. ಸುತ್ತ ಕೂತ ಹೆಂಗಸರು ಸರಿದು ಜಾಗ ಬಿಟ್ಟರು.

"ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ?" ಎಂದಳು. "ಮೂವತ್ತನಾಲ್ಕು ವರ್ಷ ನನ್ನ ಕೈಲಿ ಬೈಸ್ಕೊಂಡು ಕೂತಿದ್ಯಲ್ಲ. ನಿನ್ನ ಜೊತೆ ಹೇಗೆ ಏಗಬೇಕಿತ್ತು ನಾನು?"

ಅಳು ಬಂದದ್ದು ಆಮೇಲೆ, ಕೋಟು ತೊಡಿಸಿ ಮೂರನೆಯ ಗುಂಡಿ ಹಾಕುವಾಗ. ಕಾಜ ಹೊಸದು, ಬಿಗಿಯಾಗಿತ್ತು. ಗುಂಡಿ ಜಪ್ಪಯ್ಯ ಎಂದರೂ ಒಳಗೆ ಹೋಗಲಿಲ್ಲ. ತಮ್ಮ ಕೈ ಹಿಡಿದು ಸಹಾಯ ಮಾಡಿದ. ಆ ನೀಲಿ ಬಟ್ಟೆಯನ್ನೂ ಪೆಟ್ಟಿಗೆಯೊಳಗೆ ಇಡೋಣವೇ ಎಂದು ಕೇಳಿದ.

"ಇದು ನಂದು," ಎಂದು ಅವಳು ಅದನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

* * *

ಹಗ್ಗದಲ್ಲಿ ಪೆಟ್ಟಿಗೆ ಇಳಿಸಿಯಾಯಿತು. ಹನ್ನೆರಡೂವರೆಯ ಬಿಸಿಲು. ಪಾಸ್ಟರ್ ಓದಿ ಮುಗಿಸಿ, ಪುಸ್ತಕದೊಳಗೆ ಬೆರಳಿಟ್ಟುಕೊಂಡು ಅವಳ ಕಡೆ ನೋಡಿದರು. ಆಗಲ್ಲ ಎಂದರೆ ತಾನೇ ಮುಂದುವರಿಸುತ್ತೇನೆ ಎನ್ನುವ ನೋಟ. ಮಗಳು ತೋಡಿ ಹಾಕಿದ ಹಸಿ ಮಣ್ಣಿನ ಅಂಚಿಗೆ ಬಂದು ನಿಂತಳು.

"ಕರ್ತನೇ," ಎಂದಳು. ಸೊಂಟಕ್ಕೆ ಸಿಕ್ಕಿಸಿದ ನೀಲಿ ಬಟ್ಟೆಯನ್ನು ಮುಟ್ಟಿಕೊಂಡಳು. "ನಿನ್ನ ಚಿತ್ತ ಮೊದಲು."

ಹಿಂದೆ ನಿಂತ ಯಾರೋ ಮೂಗು ಒರೆಸಿಕೊಂಡರು.

"ನಮ್ಮಪ್ಪ ಬರ್ತಿದ್ದಾನೆ. ಏನು ಬೇಕು ಅಂತ ಅವನಾಗಿ ಬಾಯಿಬಿಡಲ್ಲ. ನೀನೇ ಕೇಳಬೇಕು. ಆಮೇಲೆ ಅಂತಾನೆ, ಬಿಡಬೇಡ."

ಇನ್ನು ಆಮೆನ್ ಎಂದು ಜನ ಕಾದರು. ಅವಳು ಅನ್ನಲಿಲ್ಲ. ಕಣ್ಣು ಮುಚ್ಚಿಯೇ ಇತ್ತು, ತುಟಿ ಅಲ್ಲಾಡುತ್ತಿತ್ತು, ಸದ್ದು ಹೊರಡುತ್ತಿರಲಿಲ್ಲ. ತಲೆ ಬಗ್ಗಿಸಿ ನಿಂತಿದ್ದ ಕಾಜಕ್ಕನಿಗೆ ಮಾತ್ರ ಕಂಡಿತು: ಎರಡು ಬೆರಳು ಗಿಡ್ಡ ಮಾಡಿದ ಆ ಸ್ಕರ್ಟಿನ ಅಂಚಿನ ಕೆಳಗೆ ಅವಳ ಎಡಗಾಲು, ಹೊಲಿಗೆ ಯಂತ್ರ ತುಳಿಯುವ ಹಾಗೆ, ಹಸಿ ಮಣ್ಣನ್ನು ತುಳಿಯುತ್ತಿತ್ತು, ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು, ನಿಲ್ಲದೆ.